ಮೆಜೆಸ್ಟಿಕ್‌ಗೆ ಆ ಹೆಸರು ಕೊಟ್ಟ ಥಿಯೇಟರ್ ಎಲ್ಲಿತ್ತು? ಕಪಾಲಿ ಯಾರಿಗೆಲ್ಲ ನೆನಪಿದೆ? ನಕ್ಷೆ ಮಾಡ್ತಿದ್ದೇವೆ, ಸಹಾಯ ಬೇಕು

ಶೇಷಾದ್ರಿಪುರದವನು

ಎಲ್ಲರಿಗೂ ನಮಸ್ಕಾರ.

ಹೋದ ವಾರ ಮಗಳ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ "ಮೆಜೆಸ್ಟಿಕ್ ಇಳಿಯೋರು ಮುಂದೆ ಬನ್ನಿ" ಅಂದರು. ಇಳಿದ ಮೇಲೆ ಅವಳು ಬೋರ್ಡು ಓದಿದಳು. ಕೆಂಪೇಗೌಡ ಬಸ್ ನಿಲ್ದಾಣ ಅಂತಿದೆ. "ಅಪ್ಪಾ, ಮೆಜೆಸ್ಟಿಕ್ ಅಂತ ಎಲ್ಲೂ ಬರೆದಿಲ್ಲ. ಮತ್ತೆ ಎಲ್ಲರೂ ಯಾಕೆ ಹಾಗಂತಾರೆ?" ಅಂತ ಕೇಳಿದಳು. ಆ ಹೆಸರಿನ ಒಂದು ಟಾಕೀಸ್ ಇತ್ತು ಕಣಮ್ಮ, ಅದರಿಂದ ಬಂತು ಅಂದೆ. "ಎಲ್ಲಿತ್ತು, ತೋರಿಸು" ಅಂದಳು. ಕೆ.ಜಿ. ರೋಡ್ ಕಡೆಗೆ ಕೈ ತೋರಿಸಿದೆ ಅಷ್ಟೇ. ಇಂಥ ಕಡೆಯೇ ಅಂತ ಬೆರಳಿಟ್ಟು ಹೇಳಲು ನನಗೆ ಆಗಲಿಲ್ಲ. ಇದೇ ಊರಲ್ಲಿ ಹುಟ್ಟಿ ಬೆಳೆದವನು ನಾನು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮಾರನೇ ದಿನ ಒಂದು ಹಾಳೆ ಹಿಡಿದು ಕೂತೆ. ಕೆ.ಜಿ. ರೋಡ್ ಮತ್ತು ಅದರ ಸುತ್ತಮುತ್ತ ನೆನಪಿದ್ದ ಹೆಸರೆಲ್ಲ ಬರೆದೆ. ಸಾಗರ್, ಅಭಿನಯ್, ಕೆಂಪೇಗೌಡ, ಹಿಮಾಲಯ, ಅಲಂಕಾರ್, ಪ್ರಭಾತ್, ಸಂತೋಷ್, ನರ್ತಕಿ, ಸಪ್ನ, ಮೇನಕಾ, ತ್ರಿವೇಣಿ, ಅನುಪಮ, ಸ್ಟೇಟ್ಸ್, ಗೀತಾ, ಮೂವಿಲ್ಯಾಂಡ್, ತ್ರಿಭುವನ್, ಕೈಲಾಶ್, ಕಲ್ಪನಾ, ಅಪರ್ಣ. ಆಮೇಲೆ ನಮ್ಮ ಕಪಾಲಿ. ನಡೆದುಕೊಂಡೇ ಸುತ್ತಬಹುದಾದ ಜಾಗದಲ್ಲಿ ಇಷ್ಟು ಥಿಯೇಟರ್! ಇನ್ನೂ ಬಿಟ್ಟುಹೋಗಿರಬಹುದು.

ನವೆಂಬರ್‌ನಲ್ಲಿ ನಮ್ಮ ರಸ್ತೆಯ ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಇದನ್ನೇ ಒಂದು ದೊಡ್ಡ ನಕ್ಷೆ ಮಾಡಿಸೋಣ ಅಂತಿದ್ದೇನೆ. ನಡುವೆ ಕಪಾಲಿ ಇರುತ್ತದೆ, ಯಾಕೆಂದರೆ ಅದು ನಮ್ಮ ಮನೆಯ ಥಿಯೇಟರ್. ನಮ್ಮ ಕಡೆಯಿಂದ ಸುಬೇದಾರ್ ಛತ್ರಂ ರಸ್ತೆ ಹಿಡಿದು ನಡೆದರೆ ಸಾಕು. 1968ರಲ್ಲಿ ಶುರುವಾಯಿತು. ಆಗ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಬಂದು ಉದ್ಘಾಟನೆ ಮಾಡಿದ್ದರು. 1,465 ಸೀಟು. ಏಷ್ಯಾದಲ್ಲೇ ದೊಡ್ಡ ಥಿಯೇಟರ್‌ಗಳಲ್ಲಿ ಒಂದು ಅಂತ ನಮ್ಮಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಊರಿಂದ ಯಾರಾದರೂ ಬಂದರೆ ವಿಧಾನಸೌಧ, ಲಾಲ್‌ಬಾಗ್, ಆಮೇಲೆ ಕಪಾಲಿ. ಸಿನಿಮಾ ಯಾವುದು ಅಂತ ಕೇಳುತ್ತಲೇ ಇರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮುಚ್ಚಿದರು, ಆಮೇಲೆ ಕೆಡವಿದರು.

ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಕಪಾಲಿಯದೇ ಆಗಬೇಕಿಲ್ಲ, ನಿಮ್ಮ ಊರಿನ ಟಾಕೀಸಿನದಾದರೂ ಸರಿ. ಒಳಗೆ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಗೊತ್ತಿರುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಚಾಮರಾಜಪೇಟೆ ಅಕ್ಕ

ಒಳ್ಳೆ ಕೆಲಸ ಮಾಡುತ್ತಿದ್ದೀರಿ ತಮ್ಮ. ನಕ್ಷೆಯಲ್ಲಿ ಒಂದು ಬಾಣದ ಗುರುತು ಮಾರ್ಕೆಟ್ ಕಡೆಗೂ ಹಾಕಿಸಿ. ಕನ್ನಡದ ಮೊದಲ ಮಾತಿನ ಚಿತ್ರ "ಸತಿ ಸುಲೋಚನ" ಬಿಡುಗಡೆಯಾಗಿದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ, 1934ರ ಮಾರ್ಚ್ 3ಕ್ಕೆ. ಆಮೇಲೆ ಅದೇ ಪರಿಮಳ ಆಯಿತು. ಚಿತ್ರ ತೆಗೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ, ಯಾಕೆಂದರೆ ಮಾತಿನ ಚಿತ್ರ ತೆಗೆಯುವ ಅನುಕೂಲ ಆಗ ನಮ್ಮ ಬೆಂಗಳೂರಿನಲ್ಲಿ ಇರಲಿಲ್ಲ. ವೈ.ವಿ. ರಾವ್ ನಿರ್ದೇಶನ, ರಾವಣ ಆಗಿದ್ದು ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯ ನಾಯ್ಡು, ಸುಲೋಚನೆ ತ್ರಿಪುರಾಂಬ. ಆರು ವಾರ ಹೌಸ್‌ಫುಲ್ ಓಡಿತಂತೆ. ಇವತ್ತು ಅಲ್ಲಿ ಹೋಗಿ ನಿಂತರೆ ಇದನ್ನು ಹೇಳುವ ಒಂದು ಸಣ್ಣ ಕಲ್ಲೂ ಕಾಣುವುದಿಲ್ಲ. ಹಾಗಾಗಿ ನಿಮ್ಮ ಮಕ್ಕಳ ನಕ್ಷೆಯಲ್ಲಾದರೂ ಇರಲಿ.

ನನ್ನ ನೆನಪು ಹೇಳಬೇಕೆಂದರೆ ಕ್ಯೂ. ಕೌಂಟರ್‌ಗೆ ಹೋಗುವ ದಾರಿ ಅಂದರೆ ಎರಡು ಕಡೆ ಗೋಡೆ, ಮೇಲೆ ಕಬ್ಬಿಣದ ಸರಳು, ಒಬ್ಬರು ಹೋಗುವಷ್ಟೇ ಜಾಗ. ಒಳಗೆ ಹೊಕ್ಕರೆ ಹಿಂದೆ ಬರುವ ಹಾಗಿಲ್ಲ. ಹೆಂಗಸರಿಗೆ ಬೇರೆ ಕ್ಯೂ, ಅದು ಚಿಕ್ಕದಿರುತ್ತಿತ್ತು. ಅದಕ್ಕೇ ಬೀದಿಯ ಹುಡುಗರೆಲ್ಲ "ಅಕ್ಕಾ, ನಮಗೂ ಎರಡು ತಗೊಳ್ಳಿ" ಅಂತ ದುಡ್ಡು ಕೊಡುತ್ತಿದ್ದರು. ಕೌಂಟರ್‌ನ ಕಿಂಡಿ ಎಷ್ಟು ಚಿಕ್ಕದು ಅಂದರೆ ಒಂದು ಕೈ ಮುಷ್ಟಿ ಮಾತ್ರ ಹೋಗಬೇಕು. ದುಡ್ಡು ಹಿಡಿದ ಮುಷ್ಟಿ ಒಳಗೆ, ಟಿಕೆಟ್ ಹಿಡಿದ ಮುಷ್ಟಿ ಹೊರಗೆ. ಒಂದು ಸಲ ನನ್ನ ಗಾಜಿನ ಬಳೆ ಆ ಕಿಂಡಿಗೆ ಸಿಕ್ಕಿ ಒಡೆದು ಕೈ ಕುಯ್ದಿತು. ಒಳಗೆ ಕೂತಿದ್ದವರು ಮುಖ ಕಾಣದೇ "ಏನಾಯ್ತಮ್ಮ?" ಅಂತ ಕೇಳಿ ಒಂದು ಕರ್ಚೀಫ್ ಹೊರಗೆ ಚಾಚಿದರು. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಕೈ ಮಾತ್ರ ನೆನಪಿದೆ, ಬೆರಳ ತುದಿಯೆಲ್ಲ ಟಿಕೆಟ್ಟಿನ ಬಣ್ಣ ಹತ್ತಿ ಗುಲಾಬಿಯಾಗಿತ್ತು.

ಗಾಂಧಿನಗರ ಬಾಕ್ಸ್

ನಾನು 80ರ ದಶಕದಿಂದ ಗಾಂಧಿನಗರದ ಸಿನಿಮಾ ಹಂಚಿಕೆ ಆಫೀಸುಗಳಲ್ಲಿ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೆಜೆಸ್ಟಿಕ್‌ನಲ್ಲೇ ಯಾಕೆ ಇಷ್ಟು ಥಿಯೇಟರ್ ಅಂತ ಮಕ್ಕಳು ಕೇಳಿದರೆ ಹೀಗೆ ಹೇಳಿ. ಒಂದು ಕಡೆ ರೈಲ್ವೆ ಸ್ಟೇಷನ್. ಎದುರಿಗೆ ಬಸ್ ನಿಲ್ದಾಣ, ಅದು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇದ್ದ ಜಾಗ. ಊರಿಗೆ ಬಂದವರು ಇಳಿಯುವುದು ಅಲ್ಲೇ, ವಾಪಸ್ ಹೊರಡುವುದೂ ಅಲ್ಲಿಂದಲೇ. ರಾತ್ರಿ ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇದ್ದರೆ ಜನ ಏನು ಮಾಡಬೇಕು? ಲಗೇಜನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಫಸ್ಟ್ ಶೋ ನೋಡುತ್ತಿದ್ದರು. ಹಿಂದಿನ ಬೀದಿಗಳಲ್ಲಿ ನಮ್ಮ ಆಫೀಸುಗಳು. ಮೈಸೂರು, ಹಾಸನ, ಶಿವಮೊಗ್ಗ, ದಾವಣಗೆರೆ ಎಲ್ಲ ಕಡೆಯ ಟಾಕೀಸಿನವರೂ ಚಿತ್ರ ಕೇಳಿಕೊಂಡು ಅಲ್ಲಿಗೇ ಬರಬೇಕಿತ್ತು.

ಕೆ.ಜಿ. ರೋಡಿನ ಥಿಯೇಟರ್‌ಗೆ "ಮೇನ್ ಥಿಯೇಟರ್" ಅನ್ನುತ್ತಿದ್ದೆವು. ಚಿತ್ರ ಎಷ್ಟು ದಿನ ಓಡಿತು ಅನ್ನುವ ಲೆಕ್ಕ ಅಲ್ಲಿಂದಲೇ. ಇಪ್ಪತ್ತೈದು ವಾರ, ನೂರು ದಿನ ಅನ್ನುವುದೆಲ್ಲ ಮೇನ್ ಥಿಯೇಟರ್ ದಿನಗಳು. "ಬಂಗಾರದ ಮನುಷ್ಯ" 1972ರಲ್ಲಿ ಬಂದಿದ್ದು ಸ್ಟೇಟ್ಸ್‌ನಲ್ಲಿ, ಅದೇ ಮುಂದೆ ಭೂಮಿಕಾ ಆಯಿತು. ಎರಡು ವರ್ಷ ಅಲ್ಲೇ ಓಡಿತು. ಎರಡು ವರ್ಷ ಒಂದೇ ಥಿಯೇಟರ್‌ನಲ್ಲಿ ಒಂದೇ ಚಿತ್ರ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಆದರೆ ಅದು ಹೇಗೆ ಸಾಧ್ಯ ಅಂತ ನೋಡಿ. ಒಂದು ಚಿತ್ರಕ್ಕೆ ತೆಗೆಸುತ್ತಿದ್ದ ಫಿಲ್ಮ್ ಪ್ರತಿಗಳು, ಅಂದರೆ ಪ್ರಿಂಟ್‌ಗಳೇ ಕಡಿಮೆ. ಒಂದೊಂದು ಪ್ರಿಂಟಿಗೂ ದುಡ್ಡು. ಮೊದಲು ದೊಡ್ಡ ಊರು, ಆಮೇಲೆ ತಾಲ್ಲೂಕು, ಕೊನೆಗೆ ಟೆಂಟ್ ಟಾಕೀಸು. ನಮ್ಮೂರ ಟೆಂಟಿಗೆ ಬರುವ ಹೊತ್ತಿಗೆ ಪರದೆ ತುಂಬ ಗೆರೆ, ಮಳೆ ಬಂದ ಹಾಗೆ. ಕಾಯಲಾರದವರು ಬಸ್ ಹತ್ತಿ ಬೆಂಗಳೂರಿಗೇ ಬಂದು ನೋಡುತ್ತಿದ್ದರು.

ಇನ್ನು ಪ್ರಿಂಟ್ ಬಾಕ್ಸ್. ಎರಡೂವರೆ ಗಂಟೆ ಚಿತ್ರ ಅಂದರೆ ಹದಿಮೂರೂವರೆ ಸಾವಿರ ಅಡಿ ಫಿಲ್ಮು. ತಗಡಿನ ಡಬ್ಬಿಗಳು, ಅವನ್ನು ತುಂಬಿದ ಟ್ರಂಕು. ಬಸ್ಸಿನ ಮೇಲೋ ಲಾರಿಯಲ್ಲೋ ಕಳಿಸುತ್ತಿದ್ದೆವು. ಗುರುವಾರ ರಾತ್ರಿಯೆಲ್ಲ ಫೋನು. "ಬಾಕ್ಸ್ ಹೊರಟಿತಾ? ಬಾಕ್ಸ್ ಬಂತಾ?" ಬಾಕ್ಸ್ ಬರದಿದ್ದರೆ ಶುಕ್ರವಾರ ಆ ಊರಿನಲ್ಲಿ ಗಲಾಟೆ. ಒಂದೇ ಊರಿನ ಎರಡು ಟಾಕೀಸಿಗೆ ಒಂದೇ ಪ್ರಿಂಟ್ ಕೊಟ್ಟು ಶಿಫ್ಟಿಂಗ್ ಮಾಡಿಸಿದ್ದೂ ಉಂಟು. ಇಲ್ಲಿ ರೀಲ್ ಮುಗಿದ ಹಾಗೆ ಹುಡುಗ ಸೈಕಲ್ ಮೇಲೆ ಅಲ್ಲಿಗೆ ಒಯ್ಯಬೇಕು.

ಕುಡ್ಲದ ಜನ

ನಮ್ಮ ಮಂಗಳೂರಿನಲ್ಲೂ ಇದೇ ಕಥೆ ಮಾರಾಯ್ರೇ. ಜ್ಯೋತಿ ಟಾಕೀಸ್ ಇದ್ದ ಸರ್ಕಲ್‌ಗೆ ಸರ್ಕಾರದ ಹೆಸರು ಅಂಬೇಡ್ಕರ್ ವೃತ್ತ. ಆದರೆ ಬಸ್ಸಿನವರು ಕರೆಯುವುದು "ಜ್ಯೋತಿ, ಜ್ಯೋತಿ" ಅಂತಲೇ. ಟಾಕೀಸ್ ಹೋಯಿತು, ಹೆಸರು ಹೋಗಲಿಲ್ಲ. ಬೆಂಗಳೂರಿನ ಮಿನರ್ವ ಸರ್ಕಲ್ ಕೂಡ ಹಾಗೇ ಬಂದದ್ದು ಅಲ್ವಾ?

ಶೇಷಾದ್ರಿಪುರದವನು

ಹೌದು, ಮಿನರ್ವ ಟಾಕೀಸಿನಿಂದ ಬಂದಿದ್ದು. ನಮ್ಮ ಸ್ವಸ್ತಿಕ್ ಸರ್ಕಲ್ ಕೂಡ ಟಾಕೀಸಿನದೇ ಹೆಸರು. ಜಯನಗರದಲ್ಲಿ ನಂದಾ ಟಾಕೀಸ್ ಅಂತ ಈಗಲೂ ವಿಳಾಸ ಹೇಳುತ್ತಾರೆ. ಕೆ.ಜಿ. ರೋಡಿನಲ್ಲಿ ಅಲಂಕಾರ್ ಪ್ಲಾಜಾ, ಪ್ರಭಾತ್ ಕಾಂಪ್ಲೆಕ್ಸ್ ಅಂತ ಅಂಗಡಿ ಸಾಲುಗಳಿವೆ, ಅಲ್ಲಿ ಬಟ್ಟೆ ಕೊಳ್ಳುವ ಹುಡುಗಿಯರಿಗೆ ಅದು ಟಾಕೀಸಿನ ಹೆಸರು ಅಂತ ಗೊತ್ತೇ ಇಲ್ಲ. ಇವನ್ನೆಲ್ಲ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಹಾಕಿಸುತ್ತೇನೆ. ಕಟ್ಟಡ ಇರುವುದು ಹಸಿರು, ಹೆಸರು ಮಾತ್ರ ಉಳಿದಿರುವುದು ಹಳದಿ, ಎರಡೂ ಇಲ್ಲದ್ದು ಕಪ್ಪು.

ಅಕ್ಕಾ, ಪ್ಯಾರಾಮೌಂಟ್ ಹಾಕಿಸುತ್ತೇನೆ. ಖಂಡಿತ.

ಹೊಸಬ_ಯಶವಂತಪುರ

ದೊಡ್ಡವರ ನಡುವೆ ಮಾತಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಹುಟ್ಟಿದ್ದು 2001ರಲ್ಲಿ. ನಾನು ಚಿಕ್ಕವನಿದ್ದಾಗ ನಮ್ಮ ಏರಿಯಾದ ಒಂದು ಹಳೇ ಥಿಯೇಟರ್‌ಗೆ ಅಮ್ಮನ ಜೊತೆ ಹೋಗಿದ್ದೆ. ಸೀಟು ಹರಿದಿತ್ತು, ಫ್ಯಾನ್ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಇಂಟರ್‌ವಲ್‌ನಲ್ಲಿ ಟಾಯ್ಲೆಟ್‌ಗೆ ಹೋದ ಅಮ್ಮ ಮೂಗು ಮುಚ್ಚಿಕೊಂಡು ಹಾಗೇ ವಾಪಸ್ ಬಂದರು. ಮನೆಗೆ ಬರುವ ತನಕ ತಡೆದುಕೊಂಡರು. ಆಮೇಲೆ ಅವರು ಸಿಂಗಲ್ ಸ್ಕ್ರೀನ್‌ಗೆ ಹೋಗಲೇ ಇಲ್ಲ. ಈಗ ಮಾಲ್‌ಗೆ ಸಂತೋಷವಾಗಿ ಬರುತ್ತಾರೆ. ಹಳೆಯದು ಹೋಯಿತು ಅಂತ ಬೇಜಾರು ಮಾಡಿಕೊಳ್ಳುವಾಗ ಇದನ್ನೂ ನೆನೆಸಿಕೊಳ್ಳಬೇಕು ಅಂತ ನನಗನಿಸುತ್ತದೆ.

ಚಾಮರಾಜಪೇಟೆ ಅಕ್ಕ

ನೀನು ಹೇಳಿದ್ದು ನೂರಕ್ಕೆ ನೂರು ನಿಜ ಮಗ. ತಪ್ಪು ತಿಳಿಯುವುದೇನಿಲ್ಲ. ನಾವು ಹೆಂಗಸರು ಸಿನಿಮಾಕ್ಕೆ ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುತ್ತಿರಲಿಲ್ಲ. ಕತ್ತಲಾದ ಮೇಲೆ ಅಕ್ಕಪಕ್ಕ ಯಾರು ಕೂರುತ್ತಾರೋ ಅನ್ನುವ ಹೆದರಿಕೆ ಬೇರೆ, ಅದಕ್ಕೇ ಸಾಲಿನ ಎರಡು ತುದಿಗೆ ಮನೆಯ ಗಂಡಸರು, ನಡುವೆ ನಾವು. ಎಲ್ಲ ಥಿಯೇಟರೂ ಹಾಗಿರಲಿಲ್ಲ, ಚೆನ್ನಾಗಿ ಇಟ್ಟುಕೊಂಡವರೂ ಇದ್ದರು. ಆದರೆ ಹೆಂಗಸರು ಬರುವುದು ನಿಂತದ್ದಕ್ಕೆ ಟಿವಿ ಒಂದೇ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಟಾಕೀಸ್ ಮನೆತನ

ನಮ್ಮ ತಾತ ಒಂದು ತಾಲ್ಲೂಕು ಕೇಂದ್ರದಲ್ಲಿ ಟಾಕೀಸ್ ಕಟ್ಟಿಸಿದವರು. ಊರಿನ ಹೆಸರು ಬೇಡ. ಅಕ್ಕ ಹೇಳಿದ ಮಾತು ಓದಿ ತಲೆ ತಗ್ಗಿಸಿದೆ. ನಮ್ಮದೂ ಕೊನೆ ಕೊನೆಗೆ ಹಾಗೇ ಆಗಿತ್ತು. ಯಾಕೆ ಹಾಗಾಯಿತು ಅನ್ನುವುದನ್ನು ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ.

ಕಪಾಲಿಯ ಲೆಕ್ಕವನ್ನೇ ತಗೊಳ್ಳಿ. 1,465 ಸೀಟು, ದಿನಕ್ಕೆ ನಾಲ್ಕು ಆಟ. ದಿನಕ್ಕೆ 5,860 ಜನ ಬಂದರೆ ಮಾತ್ರ ಪೂರ್ತಿ ತುಂಬಿತು ಅಂತ. ಊರಿಗೆಲ್ಲ ಆ ಚಿತ್ರ ಒಂದೆರಡು ಕಡೆ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಅದು ಆಗುತ್ತಿತ್ತು. ಡಿಜಿಟಲ್ ಬಂದ ಮೇಲೆ ಪ್ರಿಂಟ್ ಖರ್ಚು ಇಲ್ಲ. ಮೊದಲ ದಿನವೇ ನೂರಾರು ಪರದೆಯ ಮೇಲೆ ಚಿತ್ರ. ಮನೆ ಹತ್ತಿರವೇ ಇರುವಾಗ ಯಲಹಂಕದವರು ಮೆಜೆಸ್ಟಿಕ್‌ಗೆ ಯಾಕೆ ಬರಬೇಕು? ಎರಡು ವಾರದಲ್ಲಿ ಚಿತ್ರದ ಆಯುಸ್ಸೇ ಮುಗಿಯಿತು. ಆದರೆ ಥಿಯೇಟರ್ ಖರ್ಚು ಹಾಗೇ ಇದೆ. 50 ಜನ ಬಂದರೂ ಅಷ್ಟೇ ಕರೆಂಟು, ಅಷ್ಟೇ ಗೇಟ್‌ಕೀಪರ್‌ಗಳು, ಅಷ್ಟೇ ಕಸ.

ಬಾಡಿಗೆ ವಿಷಯವೂ ಇದೆ. ನಮ್ಮ ಕಡೆ ಮೊದಲಿಂದ ವಾರಕ್ಕೆ ಇಷ್ಟು ಅಂತ ಬಾಡಿಗೆ ಪದ್ಧತಿ. ಜನ ಬಂದರೂ ಬರದಿದ್ದರೂ ನಿರ್ಮಾಪಕರು ಬಾಡಿಗೆ ಕಟ್ಟಬೇಕು. ಮಲ್ಟಿಪ್ಲೆಕ್ಸ್‌ನಲ್ಲಿ ಶೇಕಡಾವಾರು, ಬಂದ ಕಲೆಕ್ಷನ್‌ನಲ್ಲಿ ಹಂಚಿಕೆ. ಸಣ್ಣ ನಿರ್ಮಾಪಕರಿಗೆ ಅದೇ ವಾಸಿ ಅನಿಸಿತು. ಇದರ ಬಗ್ಗೆ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಡೆದ ಜಗಳಗಳು ಒಂದೆರಡಲ್ಲ. ನಮ್ಮ ಮನೆಯಲ್ಲಿ ತಾತ ಬಾಡಿಗೆಯೇ ಸರಿ ಅನ್ನುತ್ತಿದ್ದರು, ಅಪ್ಪ ಶೇಕಡಾವಾರಿಗೆ ಹೋಗೋಣ ಅನ್ನುತ್ತಿದ್ದರು. ಅಪ್ಪ ಹೇಳಿದ್ದೇ ಸರಿ ಅಂತ ನನಗೆ ಈಗ ಅನಿಸುತ್ತದೆ. ಚಿತ್ರ ಸೋತಾಗ ನಾವೂ ಸ್ವಲ್ಪ ಸೋತಿದ್ದರೆ ಚಿತ್ರದವರು ನಮ್ಮನ್ನು ಬಿಟ್ಟು ಹೋಗುತ್ತಿರಲಿಲ್ಲ.

2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಯ ಪಿವಿಆರ್ ಬಂತು. ಅಲ್ಲಿ ಕನ್ನಡ ಚಿತ್ರ ಯಾರು ನೋಡುತ್ತಾರೆ ಅಂತ ನಮ್ಮವರೇ ಅಂದುಕೊಂಡಿದ್ದರು. ಅದೇ ಪಿವಿಆರ್‌ನಲ್ಲಿ "ಮುಂಗಾರು ಮಳೆ" ಒಂದು ವರ್ಷಕ್ಕಿಂತ ಜಾಸ್ತಿ ಓಡಿತು. ಆಗ ಅಪ್ಪನಿಗೆ ಖುಷಿಯೂ ಆಯಿತು, ಎದೆಯೂ ಸ್ವಲ್ಪ ಕುಸಿಯಿತು.

ತೆರಿಗೆ ಇನ್ನೊಂದು. ಮೊದಲು ಕರ್ನಾಟಕದಲ್ಲಿ ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆ ಇರಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 18, ಅದರ ಮೇಲೆ ಶೇ 28. ಕನ್ನಡ, ಹಿಂದಿ ಅನ್ನುವ ಭೇದವಿಲ್ಲದೆ ಎಲ್ಲಕ್ಕೂ. 2019ರಲ್ಲಿ ಅದನ್ನು 12 ಮತ್ತು 18ಕ್ಕೆ ಇಳಿಸಿದರು. ಆಮೇಲೆ 2020ರ ಮಾರ್ಚ್. ಕೊರೊನಾಗೆ ಬೀಗ ಹಾಕಿದೆವು. ತಿಂಗಳುಗಟ್ಟಲೆ ಹಾಕಿದ ಬೀಗ ತೆಗೆದು ಒಳಗೆ ಹೋದಾಗ ಇಲಿ ಸ್ಪೀಕರ್ ವೈರ್ ತಿಂದಿತ್ತು, ಪರದೆಗೆ ಬೂಷ್ಟು ಹಿಡಿದಿತ್ತು. ಅಪ್ಪ ಬಾಲ್ಕನಿಯ ಮೆಟ್ಟಿಲ ಮೇಲೆ ಕೂತರು. "ಇನ್ನು ಆಗಲ್ಲ ಕಣೋ" ಅಂದರು. ಅಷ್ಟೇ ಮಾತು.

ಈಗ ಅದು ಕಲ್ಯಾಣ ಮಂಟಪ. ಅಪ್ಪ ಮದುವೆಗಳಿಗೂ ಆ ಕಟ್ಟಡದ ಒಳಗೆ ಹೋಗುವುದಿಲ್ಲ.

ಒಂಟಿಕೊಪ್ಪಲಿನಿಂದ

ಮೈಸೂರಿನಲ್ಲಿ ಶಾಂತಲಾ ಮುಚ್ಚಿದ್ದೂ 2020ರಲ್ಲೇ. ಆ ದಿನ ಥಿಯೇಟರ್ ಮುಂದೆ ಹೋಗಿ ನಿಂತಿದ್ದೆ. ನನ್ನ ಹಾಗೆ ಸುಮ್ನೆ ನಿಂತವರು ಇನ್ನೂ ಕೆಲವರಿದ್ದರು. ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಇದಕ್ಕಿಂತ ಜಾಸ್ತಿ ಬರೆಯಲು ಆಗುತ್ತಿಲ್ಲ.

ದೂರದ ಕನ್ನಡಿಗ

ಅಮೆರಿಕದಲ್ಲಿದ್ದೇನೆ. ಇಲ್ಲಿ ಕನ್ನಡ ಚಿತ್ರ ಬಂದರೆ ವಾರಾಂತ್ಯದಲ್ಲಿ ಒಂದೋ ಎರಡೋ ಆಟ. ಎಲ್ಲರೂ ಸದ್ದಿಲ್ಲದೆ ಕೂತು ನೋಡುತ್ತಾರೆ. ಹೆಸರು ಬರುವಾಗ ಒಂದು ಶಿಳ್ಳೆ ಹೊಡೆದುಬಿಟ್ಟೆ ಒಂದು ಸಲ. ಮುಂದಿನ ಸಾಲಿನಿಂದ ಇನ್ನೊಂದು ಶಿಳ್ಳೆ ಬಂತು. ಅವರು ದಾವಣಗೆರೆಯವರು, ಈಗ ನಮ್ಮ ಮನೆಗೆ ಬಂದು ಹೋಗುತ್ತಾರೆ.

ನಕ್ಷೆಯ ಜೊತೆ ಕಟೌಟ್ ಬಗ್ಗೆಯೂ ಬರೆಸಿ ಸರ್. ಕೆ.ಜಿ. ರೋಡಿನಲ್ಲಿ ಥಿಯೇಟರ್‌ಗಿಂತ ಎತ್ತರಕ್ಕೆ ಅಣ್ಣಾವ್ರ ಕಟೌಟ್, ಅದಕ್ಕೆ ಹೂವಿನ ಹಾರ. ಥಿಯೇಟರ್ ಮುಂದೆಲ್ಲ ಮಿಂಚುವ ಕಾಗದದ ಸ್ಟಾರ್ ಕಟ್ಟುತ್ತಿದ್ದರು, ಒಂದೊಂದರ ಮೇಲೂ ಅಭಿಮಾನಿ ಸಂಘದ ಹೆಸರು. ಬಿಡುಗಡೆಯ ಹಿಂದಿನ ರಾತ್ರಿ ಆ ಸ್ಟಾರ್ ಕಟ್ಟಲು ನಾನೂ ಏಣಿ ಹಿಡಿದಿದ್ದೇನೆ. ಪ್ಲೈವುಡ್ ಮೇಲೆ ಕೈಯಲ್ಲಿ ಮುಖ ಬರೆಯುತ್ತಿದ್ದ ಕಲಾವಿದರು ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡರು. ಮುಖದ ಬಣ್ಣಕ್ಕೆ ಗುಲಾಬಿ, ನೆರಳಿಗೆ ನೀಲಿ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಪಟ್ಟೆ, ರಸ್ತೆ ಆಚೆಯಿಂದ ನೋಡಿದರೆ ಜೀವ ಬಂದ ಹಾಗೆ.

ಹಳೇ ಆಪರೇಟರ್

ನಾಲ್ಕು ದಿನದಿಂದ ಓದುತ್ತಿದ್ದೇನೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಾನು ತುಮಕೂರು ಕಡೆ ಟೂರಿಂಗ್ ಟಾಕೀಸಿನಲ್ಲಿ ಶುರು ಮಾಡಿ, ಆಮೇಲೆ ಕಟ್ಟಡದ ಥಿಯೇಟರ್‌ನಲ್ಲಿ ಆಪರೇಟರ್ ಆಗಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದೆ. ಒಳಗಿನ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಮೊದಲೇ ಕೇಳಿದ್ದೀರಿ. ಯಾರೂ ಹೇಳಲಿಲ್ಲವಲ್ಲ ಅಂತ ಹೇಳುತ್ತೇನೆ.

ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ನೆಲ ಅಂದರೆ ಮರಳು. ಜನ ಅದನ್ನೇ ಗುಡ್ಡೆ ಮಾಡಿ ಎತ್ತರ ಮಾಡಿಕೊಂಡು ಕೂರುತ್ತಿದ್ದರು. ಆಟ ಶುರುವಾಗುವ ಮೊದಲು ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು. ಅದು ಎರಡು ಮೈಲಿ ಆಚೆ ಹೊಲಕ್ಕೂ ಕೇಳಿಸಿ ಜನ ಓಡೋಡಿ ಬರುತ್ತಿದ್ದರು. ಟೂರಿಂಗ್ ಲೈಸೆನ್ಸ್ ಒಂದು ಊರಿನಲ್ಲಿ ಇಷ್ಟೇ ಕಾಲ ಅಂತ. ಮುಗಿದರೆ ಬಿಚ್ಚಿಕೊಂಡು ಇನ್ನೊಂದು ಊರು.

ಕಟ್ಟಡದ ಥಿಯೇಟರ್‌ನಲ್ಲಿ ನಮ್ಮ ರೂಮು ಬಾಲ್ಕನಿಯ ಹಿಂದೆ, ಮೇಲೆ. ಬೆಂಕಿಯ ಭಯಕ್ಕೆ ಗಟ್ಟಿ ಗೋಡೆ, ಕಿಂಡಿಗೆ ತಗಡಿನ ಬಾಗಿಲು. ಎರಡು ಪ್ರೊಜೆಕ್ಟರ್. ಒಂದರಲ್ಲಿ ರೀಲ್ ಓಡುವಾಗ ಇನ್ನೊಂದರಲ್ಲಿ ಮುಂದಿನದು ಹಾಕಿಟ್ಟುಕೊಳ್ಳಬೇಕು. ಎರಡು ಸಾವಿರ ಅಡಿ ರೀಲು 22 ನಿಮಿಷ. ರೀಲ್ ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ನೀವು ನೋಡಿರುತ್ತೀರಿ, ಏನೋ ಕಲೆ ಅಂದುಕೊಂಡಿರುತ್ತೀರಿ. ಆ ಮೊದಲ ಚುಕ್ಕೆಗೆ ಎರಡನೇ ಮೆಷಿನ್‌ನ ಮೋಟರ್ ಹಾಕಬೇಕು. ಏಳು ಸೆಕೆಂಡ್ ಆದ ಮೇಲೆ ಇನ್ನೊಂದು ಚುಕ್ಕೆ. ಆಗ ಇದನ್ನು ಮುಚ್ಚಿ ಅದನ್ನು ತೆಗೆಯಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತ ಸಾವಿರ ಜನಕ್ಕೂ ಗೊತ್ತಾಗುವುದಿಲ್ಲ. ತಪ್ಪಿದರೆ ಬಿಳೀ ಪರದೆ, "ಲೇ ಆಪರೇಟರ್!" ಅಂತ ಕೂಗು. ನಮ್ಮ ಇಡೀ ಕೆಲಸ ಇದ್ದಿದ್ದು ಗೊತ್ತಾಗದ ಹಾಗೆ ಮಾಡುವುದರಲ್ಲಿ.

ಬೆಳಕಿಗೆ ಕಾರ್ಬನ್ ಕಡ್ಡಿ. ಪಾಸಿಟಿವ್ ಒಂದು, ನೆಗೆಟಿವ್ ಒಂದು. ಎರಡರ ತುದಿ ತಾಗಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಬೆಂಕಿ ಹೊತ್ತುತ್ತದೆ. ಸೂರ್ಯನನ್ನು ನೋಡಿದ ಹಾಗೆ, ಕಪ್ಪು ಗಾಜಿನ ಮೂಲಕವೇ ನೋಡಬೇಕು. ಕಡ್ಡಿ ಸುಡುತ್ತಾ ಚಿಕ್ಕದಾಗುತ್ತಾ ಹೋಗುತ್ತದೆ, ನಡುವಿನ ಅಂತರ ಒಂದೇ ಸಮ ಇರುವ ಹಾಗೆ ತಿರುಪು ತಿರುಗಿಸುತ್ತಲೇ ಇರಬೇಕು. ಅಂತರ ಜಾಸ್ತಿಯಾದರೆ ಪರದೆ ಮಬ್ಬು. ಹೊಗೆಗೆ ಮೇಲೆ ಚಿಮಣಿ. ಆದರೂ ಕೆಮ್ಮು ಬಿಡಲಿಲ್ಲ, ಇವತ್ತಿಗೂ ಇದೆ. ಆಮೇಲೆ ಕ್ಸೆನಾನ್ ಲ್ಯಾಂಪ್ ಬಂದು ಅದೊಂದು ಕಷ್ಟ ತಪ್ಪಿತು. ಮುಖ್ಯ ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್‌ನ ವಾರ್ತಾಚಿತ್ರ ಹಾಕಲೇಬೇಕಿತ್ತು. ಜನ ಆ ಹೊತ್ತಿಗೆ ಕಡಲೆಕಾಯಿ ಕೊಳ್ಳಲು ಹೋಗುತ್ತಿದ್ದರು. ನನಗೆ ಮಾತ್ರ ಅದು ಇಷ್ಟ, ದೇಶದ ಅಣೆಕಟ್ಟುಗಳನ್ನೆಲ್ಲ ನಾನು ಅದರಲ್ಲೇ ನೋಡಿದ್ದು.

ಬಾಕ್ಸ್ ಸರ್ ಶಿಫ್ಟಿಂಗ್ ಬಗ್ಗೆ ಬರೆದಿದ್ದಾರೆ. ಒಂದು ಮಳೆಗಾಲದ ಸೆಕೆಂಡ್ ಶೋ. ಸೈಕಲ್ ಹುಡುಗ ರೀಲ್ ತರಬೇಕು, ರೈಲ್ವೆ ಗೇಟ್ ಹಾಕಿಬಿಟ್ಟಿದೆ, ಗೂಡ್ಸ್ ಗಾಡಿ ಹೋಗುತ್ತಲೇ ಇದೆ. ಇಲ್ಲಿ ನನ್ನ ರೀಲ್ ಮುಗಿಯಿತು. "ದಯವಿಟ್ಟು ಸಹಕರಿಸಿ" ಅನ್ನುವ ಗಾಜಿನ ಸ್ಲೈಡ್ ಹಾಕಿ, ಒಂದು ಹಾಡಿನ ತಟ್ಟೆ ಹಾಕಿದೆ. ಎರಡು ಹಾಡಾಯಿತು, ಮೂರಾಯಿತು. ಜನ ಕೂಗಿ ಕೂಗಿ ಸುಮ್ಮನಾದರು. ಆಮೇಲೆ ಕೆಳಗೆ ಹೆಂಗಸರ ಕಡೆಯಿಂದ ಯಾರೋ ಹಾಡಿನ ಜೊತೆ ಹಾಡಲು ಶುರು ಮಾಡಿದರು. ಒಬ್ಬೊಬ್ಬರೇ ಸೇರಿಕೊಂಡರು. ಹುಡುಗ ಬಂದಾಗ ಪೂರ್ತಿ ನೆನೆದಿದ್ದ. ರೀಲ್ ಡಬ್ಬಿ ಮಾತ್ರ ಅವನ ಅಂಗಿಯಲ್ಲಿ ಸುತ್ತಿತ್ತು, ಒಂದು ಹನಿ ನೀರು ತಾಗಿರಲಿಲ್ಲ. ಅಂಗಿ ಇಲ್ಲದೆ ನಡುಗುತ್ತಾ ನಿಂತಿದ್ದ. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ರೊಟ್ಟಿ ಅವನಿಗೆ ಕೊಟ್ಟೆ. ಆ ಬಿಸಿ ಲ್ಯಾಂಪ್‌ಹೌಸ್ ಪಕ್ಕ ಕೂರಿಸಿಕೊಂಡು ಉಳಿದ ಚಿತ್ರ ಅವನಿಗೆ ಕಿಂಡಿಯಿಂದ ತೋರಿಸಿದೆ.

ಕಪಾಲಿಗೆ ನಾನು ಹೋಗಿದ್ದು ಒಂದೇ ಸಲ, ಟಿಕೆಟ್ ತಗೊಂಡು. ಚಿತ್ರ ನೋಡಲಿಲ್ಲ ಅಂದರೂ ಸರಿಯೇ. ಹಿಂದೆ ತಿರುಗಿ ಆ ರೂಮಿನ ಕಿಂಡಿಯಿಂದ ಬರುವ ಬೆಳಕನ್ನೇ ನೋಡುತ್ತಾ ಕೂತಿದ್ದೆ. ಅಷ್ಟು ದೂರ, ಅಷ್ಟು ಅಗಲದ ಬಾಗಿದ ಪರದೆಗೆ ಬೆಳಕು ಒಂದೇ ಸಮ ಬೀಳುತ್ತಿತ್ತು. ಚುಕ್ಕೆ ಬಂದಾಗ ನನ್ನ ಕೈ ತಾನಾಗಿ ಮೇಲೆದ್ದಿತು. ಅಲ್ಲಿನ ಆಪರೇಟರ್ ಒಂದು ಕೂದಲೂ ಅಲುಗದ ಹಾಗೆ ಬದಲಿಸಿದ. ಯಾರೋ ಏನೋ, ಮನಸ್ಸಿನಲ್ಲೇ ಕೈ ಮುಗಿದೆ.

ಶೇಷಾದ್ರಿಪುರದವನು

ಯಜಮಾನರೇ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಸೈಕಲ್ ಹುಡುಗನ ಭಾಗ ಎರಡು ಸಲ ಓದಿಸಿದಳು. ಅವನಿಗೆ ಜ್ವರ ಬಂತಾ ಅಂತ ಕೇಳುತ್ತಿದ್ದಾಳೆ.

ನಿನ್ನೆ ಭಾನುವಾರ ನಾವಿಬ್ಬರೂ ಕಪಾಲಿ ಇದ್ದ ಜಾಗಕ್ಕೆ ಹೋಗಿ ಬಂದೆವು. ಅಲ್ಲಿ ಮಾಲ್ ಎದ್ದಿದೆ. ಪಕ್ಕದ ಅಂಗಡಿಯವರೊಬ್ಬರನ್ನು ಕೇಳಿದರೆ ಹೊರಗೆ ಬಂದು, ಎಲ್ಲಿ ಕ್ಯೂ ನಿಲ್ಲುತ್ತಿತ್ತು, ಯಾವ ಕಡೆ ಗೇಟು ಅಂತ ಕೈ ಮಾಡಿ ತೋರಿಸಿದರು. ಮಗಳು ಅದನ್ನೆಲ್ಲ ಪುಸ್ತಕದಲ್ಲಿ ಗೀಚಿಕೊಂಡಳು. ಮೆಜೆಸ್ಟಿಕ್ ಥಿಯೇಟರ್ ಇದ್ದ ಕಡೆಯನ್ನು ತೋರಿಸಲು ಅವರ ಅಣ್ಣ ಮುಂದಿನ ವಾರ ನಮ್ಮ ಜೊತೆ ಕೆ.ಜಿ. ರೋಡಿಗೆ ಬರುತ್ತಾರಂತೆ.

ಯಜಮಾನರಿಗೆ ಒಂದು ಕೇಳಿಕೆ. ರಾಜ್ಯೋತ್ಸವದ ದಿನ ನೀವು ಬರಲು ಆಗುತ್ತದಾ? ತುಮಕೂರಿನಿಂದ ಕಾರು ನಾನು ಕಳಿಸುತ್ತೇನೆ. ಮಕ್ಕಳಿಗೆ ಆ ಚುಕ್ಕೆಯ ವಿಷಯ ನೀವೇ ಹೇಳಬೇಕು.

ಹಳೇ ಆಪರೇಟರ್

ಬರುತ್ತೇನೆ. ಕಾರು ಬೇಡ, ರೈಲಿಗೆ ಬರುತ್ತೇನೆ, ಸ್ಟೇಷನ್‌ನಿಂದ ನಡೆದರೆ ಆಯಿತು. ಮೊಮ್ಮಗಳೂ ಬರುತ್ತಾಳೆ.

ಹುಡುಗನಿಗೆ ಜ್ವರ ಬರಲಿಲ್ಲ ಅಂತ ಮಗುವಿಗೆ ಹೇಳಿ. ಮಾರನೇ ದಿನ ಮ್ಯಾಟ್ನಿಗೇ ರೀಲ್ ತಂದ.

ಕಾರ್ಬನ್ ಕಡ್ಡಿಯ ಮೇಲೆ ತಾಮ್ರದ ಲೇಪ ಇರುತ್ತಿತ್ತು. ಸುಡುವಾಗ ಅದು ಕರಗಿ ಕೆಳಗಿನ ತಟ್ಟೆಗೆ ಹನಿ ಹನಿಯಾಗಿ ಬೀಳುತ್ತಿತ್ತು. ಎಲ್ಲ ಆಪರೇಟರ್‌ಗಳೂ ಅದನ್ನು ಕೂಡಿಟ್ಟು ಮಾರುತ್ತಿದ್ದರು. ನಾನೂ ಮಾರಿದೆ. ಕಾರ್ಬನ್ ಇದ್ದ ಕೊನೆಯ ವರ್ಷದ್ದು ಮಾತ್ರ ಒಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಗೇ ಇದೆ, ಸಾಸಿವೆಯಿಂದ ಹಿಡಿದು ಕಡಲೆ ಗಾತ್ರದವರೆಗೆ. ಅದನ್ನು ತರುತ್ತೇನೆ. ಎಷ್ಟು ಮಕ್ಕಳಿದ್ದಾರೆ ಅಂತ ಮೊದಲೇ ತಿಳಿಸಿ, ಒಬ್ಬೊಬ್ಬರಿಗೆ ಒಂದೊಂದು ಎಣಿಸಿ ಇಟ್ಟಿರುತ್ತೇನೆ.